ಮನೆಗೆ ಮೊದಲ ಗಿನಿ ಪಿಗ್: ಏನನ್ನು ತರಬೇಕು, ಏನನ್ನು ಅಂಗಡಿಯಲ್ಲೇ ಬಿಡಬೇಕು

ಮಕ್ಕಳು ನಾಯಿ ಬೇಕು ಅನ್ನುತ್ತಾರೆ. ಅಮ್ಮ ಮೀನು ಸಾಕು ಅನ್ನುತ್ತಾರೆ. ನಾಯಿ ಸಾಕುವಂತಿಲ್ಲ ಎಂದು ಓನರ್ ಮೊದಲೇ ಹೇಳಿರುತ್ತಾರೆ. ಕೊನೆಗೆ ಎಲ್ಲರೂ ರಾಜಿಯಾಗುವುದು ಗಿನಿ ಪಿಗ್‌ಗೆ. ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಿಗೆ ಈ ಪ್ರಾಣಿ ಬಂದಿರುವುದು ಹೀಗೆಯೇ.

ರಾಜಿ ತಪ್ಪಲ್ಲ. ಆದರೆ ಗಾತ್ರ ಚಿಕ್ಕದು ಅಂದಮಾತ್ರಕ್ಕೆ ಕೆಲಸವೂ ಚಿಕ್ಕದು ಅಂದುಕೊಳ್ಳಬೇಡಿ. ಗಿನಿ ಪಿಗ್ 5ರಿಂದ 8 ವರ್ಷ ಬದುಕುತ್ತದೆ. ಈಗ ಮೂರನೇ ಕ್ಲಾಸಿನಲ್ಲಿರುವ ಮಗು ಎಸ್ಸೆಸ್ಸೆಲ್ಸಿ ಬರೆಯುವಾಗಲೂ ಅದು ಮೂಲೆಯಲ್ಲಿ ಹುಲ್ಲು ಜಗಿಯುತ್ತಾ ಕೂತಿರಬಹುದು. ಅಷ್ಟು ಹೊತ್ತಿಗೆ ಪಂಜರ ತೊಳೆಯುವವರು ಯಾರು ಅನ್ನುವುದು ನಿಮಗೇ ಗೊತ್ತಲ್ವಾ?

ಅಂಗಡಿಗೆ ಹೋದರೆ ಹತ್ತು ಥರದ ಸಾಮಾನು ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ದುಡ್ಡು ಹಾಕಬೇಕಾದದ್ದು ಮೂರಕ್ಕೆ ಮಾತ್ರ: ಓಡಾಡುವ ಜಾಗ, ಒಣಹುಲ್ಲು, ಡಾಕ್ಟರ್. ಮಿಕ್ಕಿದ್ದನ್ನು ಮನೆಯಲ್ಲಿರುವ ರಟ್ಟಿನ ಡಬ್ಬ, ಹಳೇ ಟವೆಲ್‌ಗಳಲ್ಲೇ ನಿಭಾಯಿಸಬಹುದು.

ಗಿನಿ ಪಿಗ್ಗೇ ಬೇಕಾ?

ಹ್ಯಾಮ್‌ಸ್ಟರ್ ರಾತ್ರಿ ಪ್ರಾಣಿ. ಮಗು ಸ್ಕೂಲಿನಿಂದ ಬರುವಾಗ ಅದು ಮಲಗಿರುತ್ತದೆ. ಎಬ್ಬಿಸಿದರೆ ಕಚ್ಚಬಹುದು. ಬದುಕುವುದು ಎರಡು-ಮೂರು ವರ್ಷ. ಮೊಲ ಸರಿಯಾಗಿ ಸಾಕಿದರೆ ಎಂಟು-ಹತ್ತು ವರ್ಷ ಇರುತ್ತದೆ, ಆದರೆ ಅದಕ್ಕೆ ಜಾಗ ಜಾಸ್ತಿ ಬೇಕು. ಸಿಕ್ಕ ಸಿಕ್ಕ ವೈರ್ ಕಡಿಯುತ್ತದೆ. ಎತ್ತಿಕೊಂಡರೆ ಹಿಂಗಾಲಿನಿಂದ ಝಾಡಿಸಿ ಒದೆಯುತ್ತದೆ. ಆ ಭರದಲ್ಲಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವುದೂ ಉಂಟು.

ಗಿನಿ ಪಿಗ್ ಹಗಲು ರಾತ್ರಿ ಎರಡರಲ್ಲೂ ಸ್ವಲ್ಪ ಮಲಗಿ ಸ್ವಲ್ಪ ಓಡಾಡುತ್ತದೆ. ಕಚ್ಚುವುದು ಅಪರೂಪ. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ 'ವೀಕ್ ವೀಕ್' ಎಂದು ಮನೆ ಎದ್ದುಹೋಗುವಂತೆ ಕೂಗುತ್ತದೆ. ಖುಷಿಯಾದರೆ ನಿಂತಲ್ಲೇ ಜಿಗಿಯುತ್ತದೆ. ಆದರೆ ಇದು ಬೇಟೆಗೆ ಸಿಕ್ಕುವ ಜಾತಿ. ಮೇಲಿನಿಂದ ಕೈ ಬಂದರೆ ಹದ್ದು ಬಂತು ಅಂದುಕೊಳ್ಳುತ್ತದೆ. ಮೊದಲ ಕೆಲವು ವಾರ ಗೂಡಿನಿಂದ ಹೊರಗೇ ಬರದಿರಬಹುದು. ಎತ್ತಿಕೊಂಡು ಮುದ್ದಾಡಲು ಪ್ರಾಣಿ ಬೇಕು ಅನ್ನುವವರಿಗೆ ಇದು ನಿರಾಸೆ ಮಾಡುತ್ತದೆ. ನೆಲದ ಮೇಲೆ ಸುಮ್ನೆ ಕೂತು ನೋಡುವ ತಾಳ್ಮೆ ಇರುವವರಿಗೆ ಮಾತ್ರ ಇದರಷ್ಟು ಮಜಾ ಕೊಡುವ ಪ್ರಾಣಿ ಇನ್ನೊಂದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಒಂದು ಹಸಿರು ಗಿಣಿ ತಂದರಾಯಿತು ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಆ ಮಾತು ಅಲ್ಲಿಗೇ ಮುಗಿಸಿ.

ಮೊಲ, ಗಿನಿ ಪಿಗ್ ಎರಡನ್ನೂ ಒಂದೇ ಪಂಜರದಲ್ಲಿ ಇಡಬೇಡಿ. ಅಂಗಡಿಗಳಲ್ಲಿ ಒಟ್ಟಿಗೇ ಇಟ್ಟಿರುತ್ತಾರೆ, ನೋಡೋಕೂ ಚೆನ್ನಾಗಿರುತ್ತದೆ. ಆದರೆ ಮೊಲದ ಒಂದು ಒದೆತ ಸಾಕು ಇದಕ್ಕೆ ಏಟಾಗಲು. ಮೊಲಕ್ಕೆ ಏನೂ ಮಾಡದ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿ ಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಒಂದಾ, ಎರಡಾ?

ಎರಡು. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಗಿನಿ ಪಿಗ್ ಗುಂಪಿನಲ್ಲಿ ಬದುಕುವ ಪ್ರಾಣಿ. ದಿನವಿಡೀ ಒಂದರ ಜೊತೆ ಒಂದು ಗುರುಗುಟ್ಟುತ್ತಾ ಮಾತಾಡಿಕೊಂಡೇ ಇರುತ್ತವೆ. ನೀವು ಆಫೀಸಿನಿಂದ ಬಂದು ಅರ್ಧ ಗಂಟೆ ಕೊಡುವ ಪ್ರೀತಿ ಅದರ ಜಾಗ ತುಂಬುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿ ಪಿಗ್ ಸಾಕುವುದು ಕಾನೂನಿಗೇ ವಿರುದ್ಧ. ಖರ್ಚು ಎರಡು ಪಟ್ಟು ಆಗುತ್ತದೆ ಅನ್ನುವ ಭಯವೂ ಬೇಡ. ಜಾಗ ಅದೇ, ಸ್ವಚ್ಛ ಮಾಡುವ ಕೆಲಸ ಅದೇ. ಹುಲ್ಲು, ಸೊಪ್ಪು ಸ್ವಲ್ಪ ಜಾಸ್ತಿ ಬೇಕು. ಡಾಕ್ಟರ್ ಖರ್ಚು ಮಾತ್ರ ನಿಜಕ್ಕೂ ಎರಡಾಗುತ್ತದೆ.

ಆಮೇಲಿನ ಪ್ರಶ್ನೆ ಯಾವ ಎರಡು ಅನ್ನುವುದು. ಮೊದಲ ಸಲ ಸಾಕುವವರಿಗೆ ಎರಡು ಹೆಣ್ಣು ಸಲೀಸು. ಸಣ್ಣಪುಟ್ಟ ಜಗಳ ಬಿಟ್ಟರೆ ಹೊಂದಿಕೊಂಡು ಹೋಗುತ್ತವೆ.

ಎರಡು ಗಂಡೂ ನಡೆಯುತ್ತದೆ. ಅಣ್ಣತಮ್ಮಂದಿರಾದರೆ, ಅಥವಾ ಒಂದು ದೊಡ್ಡದು ಒಂದು ಮರಿ ಆದರೆ ಇನ್ನೂ ಒಳ್ಳೆಯದು. ಆದರೆ ಜಾಗ ಧಾರಾಳವಾಗಿರಬೇಕು. ನೀರು, ತಟ್ಟೆ, ಗೂಡು ಎಲ್ಲ ಎರಡೆರಡು ಇಡಬೇಕು. ಹೆಣ್ಣಿನ ವಾಸನೆ ಅದೇ ರೂಮಿನಲ್ಲಿ ಸುಳಿಯಬಾರದು. ಹರೆಯಕ್ಕೆ ಬಂದಾಗ ಕೆಲವು ತಿಂಗಳು ಅಟ್ಟಾಡಿಸಿಕೊಳ್ಳುತ್ತವೆ. ಹಲ್ಲು ಕಟಕಟ ಅಂದರೆ ಎಚ್ಚರ, ರಕ್ತ ಬಂದರೆ ಬೇರೆ ಬೇರೆ ಮಾಡಬೇಕು. ಮೂರು ಗಂಡು ಮಾತ್ರ ಖಂಡಿತ ಬೇಡ.

ಒಂದು ಗಂಡು, ಒಂದು ಹೆಣ್ಣು ಅನ್ನುವುದನ್ನು ಅಂಗಡಿಯವರು 'ಜೋಡಿ' ಎಂದು ಕೊಡುತ್ತಾರೆ. ಇದನ್ನು ತಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಗರ್ಭದ ಅವಧಿ 59ರಿಂದ 72 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗಬ್ಬವಾಗಬಹುದು. ಗಂಡು ಮರಿಗಳನ್ನು ಮೂರು ವಾರಕ್ಕೇ ತಾಯಿ, ಅಕ್ಕತಂಗಿಯರಿಂದ ಬೇರೆ ಮಾಡಬೇಕು, ಇಲ್ಲದಿದ್ದರೆ ಅವೂ ಶುರುಮಾಡುತ್ತವೆ. ಇನ್ನೊಂದು ದೊಡ್ಡ ಅಪಾಯ ಇದೆ. ಆರೇಳು ತಿಂಗಳವರೆಗೆ ಒಮ್ಮೆಯೂ ಮರಿ ಹಾಕದ ಹೆಣ್ಣಿನ ಸೊಂಟದ ಮೂಳೆ ಕೂಡಿಕೊಂಡು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಮೊದಲ ಸಲ ಗಬ್ಬವಾದರೆ ಮರಿ ಹೊರಗೆ ಬರದೆ ತಾಯಿ, ಮರಿ ಎರಡೂ ಸಾಯಬಹುದು. ಗಂಡಿಗೆ ಆಪರೇಷನ್ ಮಾಡಿಸಿ ಹೆಣ್ಣಿನ ಜೊತೆ ಇಡುವುದು ಚಂದದ ಜೋಡಿಯೇ. ಆದರೆ ಇಷ್ಟು ಚಿಕ್ಕ ಪ್ರಾಣಿಗೆ ಅರಿವಳಿಕೆ ಕೊಟ್ಟು ಅಭ್ಯಾಸ ಇರುವ ಡಾಕ್ಟರ್ ಸಿಗಬೇಕು. ಆಪರೇಷನ್ ಆದ ಮೇಲೂ ಆರು ವಾರದವರೆಗೆ ದೂರ ಇಡುವುದು ಕ್ಷೇಮ.

ಅಂಗಡಿಯಲ್ಲಿ 'ಎರಡೂ ಹೆಣ್ಣೇ ಸಾರ್' ಅನ್ನುವ ಮಾತನ್ನು ನಂಬಬೇಡಿ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಅಲ್ಲಿ ಎಲ್ಲವನ್ನೂ ಒಟ್ಟಿಗೇ ಬಿಟ್ಟಿರುತ್ತಾರೆ. ಮನೆಗೆ ತರುವ ಮುಂಚೆಯೇ ಡಾಕ್ಟರ್ ಹತ್ತಿರ ತೋರಿಸುವುದಾದರೆ ತೋರಿಸಿ.

ಗಿಡ್ಡ ಕೂದಲು, ಉದ್ದ ಕೂದಲು

ಇಲ್ಲಿ ಯೋಚನೆ ಮಾಡುವುದು ಹೆಚ್ಚೇನಿಲ್ಲ. ಗಿಡ್ಡ ನುಣುಪು ಕೂದಲಿನದು ನಮ್ಮ ಹವೆಗೆ ಸರಿ. ಮೈತುಂಬ ಸುಳಿಗಳಿರುವ ಅಬಿಸೀನಿಯನ್ ಕೂಡ ಆಗುತ್ತದೆ, ಸ್ವಲ್ಪ ಬ್ರಷ್ ಮಾಡಬೇಕು. ನೆಲ ಗುಡಿಸುವಷ್ಟು ಕೂದಲಿನ ಪೆರುವಿಯನ್, ಶೆಲ್ಟಿಗಳು ಫೋಟೋಗೆ ಬಲು ಚಂದ. ಆದರೆ ದಿನಾ ಬಾಚಬೇಕು, ಹಿಂಭಾಗದ ಕೂದಲನ್ನು ಕತ್ತರಿಸುತ್ತಿರಬೇಕು. ಇಲ್ಲದಿದ್ದರೆ ಮೂತ್ರ, ಹಿಕ್ಕೆ ಅಂಟಿ ಗಂಟಾಗುತ್ತದೆ, ಚರ್ಮ ಹುಣ್ಣಾಗುತ್ತದೆ. ಬೇಸಿಗೆಯಲ್ಲಿ ಅವಕ್ಕೆ ಕಂಬಳಿ ಹೊದ್ದ ಕಷ್ಟ. ಕೂದಲೇ ಇಲ್ಲದ ಸ್ಕಿನ್ನಿ ಪಿಗ್ ಕೂಡ ಅಲ್ಲಲ್ಲಿ ಮಾರಾಟಕ್ಕಿದೆ. ಅದಕ್ಕೆ ಚಳಿಯೂ ತಡೆಯುವುದಿಲ್ಲ, ಬಿಸಿಲೂ ತಡೆಯುವುದಿಲ್ಲ. ಮೊದಲ ಸಲದವರಿಗೆ ಅಲ್ಲ.

ಅಂಗಡಿಯಿಂದಲೋ, ಬೇರೆ ಮನೆಯಿಂದಲೋ?

ಸಾಕಲು ಆಗದೆ ಬಿಟ್ಟುಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ವರ್ಗಾವಣೆ, ಅಲರ್ಜಿ, ಬೇಡದ ಮರಿಗಳು, ಕಾರಣ ಏನೋ ಒಂದು. ಇಂಥ ಮನೆಯಿಂದ ಸ್ವಲ್ಪ ಬೆಳೆದ ಜೋಡಿ ತರುವುದು ನನಗೆ ಹೆಚ್ಚು ಇಷ್ಟ. ಗಂಡೋ ಹೆಣ್ಣೋ ಖಚಿತವಾಗಿರುತ್ತದೆ, ಮನುಷ್ಯರ ಕೈಗೆ ಒಗ್ಗಿರುತ್ತವೆ, ಎಷ್ಟೋ ಸಲ ಪಂಜರವೂ ಜೊತೆಗೇ ಬರುತ್ತದೆ.

ಅಂಗಡಿಗೆ ಹೋಗುವುದೇ ಆದರೆ 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಅದು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಕೇಳಿ ನೋಡಿ. ಪ್ರಾಣಿಯನ್ನು ಕೈಗೆ ತೆಗೆದುಕೊಂಡು ಕಣ್ಣು, ಮೂಗು ಒಣಗಿ ಶುಚಿಯಾಗಿದೆಯಾ ನೋಡಿ. ಉಸಿರಾಟದಲ್ಲಿ ಗೊರಗೊರ ಸದ್ದು ಇರಬಾರದು. ಕೂದಲು ಉದುರಿ ಮಚ್ಚೆ ಮಚ್ಚೆ ಆಗಿದ್ದರೆ ಹುಳುಕಡ್ಡಿ ಇರಬಹುದು, ಅದು ಮಕ್ಕಳಿಗೂ ಅಂಟುತ್ತದೆ. ವಿಪರೀತ ಕೆರೆದುಕೊಳ್ಳುತ್ತಿದ್ದರೆ ಚರ್ಮದೊಳಗೆ ಕೊರೆಯುವ ನುಸಿ ಇರಬಹುದು. 'ಪಾಪ, ಇದನ್ನು ಬಿಟ್ಟು ಹೋದರೆ ಸಾಯುತ್ತೆ' ಅಂತ ಕಾಯಿಲೆಯ ಪ್ರಾಣಿಯನ್ನು ತರಬೇಕು ಅನ್ನಿಸುತ್ತದೆ. ತಂದರೆ ಅಂಗಡಿಯಿಂದ ಸೀದಾ ಡಾಕ್ಟರ್ ಹತ್ತಿರ ಹೋಗಲು ತಯಾರಿರಿ.

ಪಂಜರ: ಎತ್ತರ ನೋಡಬೇಡಿ, ಅಗಲ ನೋಡಿ

ಅಂಗಡಿಯಲ್ಲಿ ತೋರಿಸುವ ಪಂಜರಗಳಲ್ಲಿ ಮುಕ್ಕಾಲು ಪಾಲು ಹಕ್ಕಿ ಪಂಜರಗಳೇ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ತಳದಲ್ಲಿ ತಂತಿ ಜಾಲರಿ, ಅದರ ಕೆಳಗೆ ಎಳೆಯುವ ಟ್ರೇ. ಸ್ವಚ್ಛ ಮಾಡಲು ಸುಲಭ ಅಂತ ಮಾರುತ್ತಾರೆ. ಗಿನಿ ಪಿಗ್‌ನ ಪಾದ ಮೆತ್ತಗಿರುತ್ತದೆ, ಅಡಿಯಲ್ಲಿ ಕೂದಲಿಲ್ಲ. ತಂತಿಯ ಮೇಲೆ ನಿಂತು ನಿಂತು ಪಾದ ಊದಿ, ಹುಣ್ಣಾಗಿ, ಕೀವು ತುಂಬುತ್ತದೆ. ಇದು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಮರಿಗಳ ಕಾಲು ಸಿಕ್ಕಿ ಮುರಿಯುವುದೂ ಇದೆ. ಈಗಾಗಲೇ ಅಂಥ ಪಂಜರ ಇದ್ದರೆ ಜಾಲರಿ ತೆಗೆದುಹಾಕಿ, ಇಲ್ಲವೇ ಮೇಲೆ ದಪ್ಪ ಮ್ಯಾಟ್ ಹಾಸಿ.

ಎರಡು ಗಿನಿ ಪಿಗ್‌ಗೆ ಕಡಿಮೆ ಅಂದರೆ 7.5 ಚದರ ಅಡಿ ನೆಲ ಬೇಕು. 10 ಚದರ ಅಡಿ ಇದ್ದರೆ ಚೆನ್ನ. ಎರಡೂವರೆ ಅಡಿ ಅಗಲ, ನಾಲ್ಕಡಿ ಉದ್ದ ಅಂದುಕೊಳ್ಳಿ. ಹಾಲಿನ ಗೋಡೆ ಪಕ್ಕ ಒಂದು ದಿವಾನ್ ಹಿಡಿಯುವಷ್ಟೂ ಅಲ್ಲ. ಇವು ಹತ್ತುವ ಪ್ರಾಣಿಗಳಲ್ಲ, ಹಾಗಾಗಿ ಎರಡು ಮಾಳಿಗೆ ಮೂರು ಮಾಳಿಗೆ ಪಂಜರಕ್ಕೆ ಅರ್ಥವಿಲ್ಲ. ಮೇಲಿನ ಮಾಳಿಗೆಯನ್ನು ನೆಲದ ಲೆಕ್ಕಕ್ಕೆ ಸೇರಿಸಲೂಬಾರದು.

ಅಷ್ಟು ದೊಡ್ಡ ರೆಡಿಮೇಡ್ ಪಂಜರ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದರ ಬದಲು ಆನ್‌ಲೈನಿನಲ್ಲಿ ಸಿಗುವ ತಂತಿಯ ಚೌಕಗಳನ್ನು ಜೋಡಿಸಿ ಬೇಲಿ ಮಾಡಿಕೊಳ್ಳಿ. ಒಳಗೆ ನೆಲಕ್ಕೆ ವಿನೈಲ್ ಶೀಟ್ ಹಾಸಿ, ಅಂಚನ್ನು ಮೇಲಕ್ಕೆ ಮಡಚಿದರೆ ಮೂತ್ರ ಟೈಲ್ಸ್‌ಗೆ ಹರಿಯುವುದಿಲ್ಲ. ಮನೆಯಲ್ಲಿ ಬೆಕ್ಕು ನಾಯಿ ಇಲ್ಲದಿದ್ದರೆ ಒಂದೂಕಾಲು ಅಡಿ ಎತ್ತರದ ಬೇಲಿ ಸಾಕು. ತಂತಿಯ ಕಿಂಡಿ ಒಂದೂವರೆ ಇಂಚಿಗಿಂತ ದೊಡ್ಡದಿರಬಾರದು, ಮರಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಗ್ರೌಂಡ್ ಫ್ಲೋರ್ ಮನೆಗಳಿಗೆ ಮಾತ್ರ ರಾತ್ರಿ ಹೊತ್ತು ಮೇಲೆ ಮುಚ್ಚಳ ಬೇಕು. ಹೆಗ್ಗಣ ಬರುತ್ತದೆ.

ಗಾಜಿನ ಅಕ್ವೇರಿಯಂ ಬೇಡ, ಗಾಳಿಯಾಡುವುದಿಲ್ಲ. ಓಡುವ ಚಕ್ರ, ಪ್ಲಾಸ್ಟಿಕ್ ಚೆಂಡು ಎರಡೂ ಬೇಡ. ಅವು ಹ್ಯಾಮ್‌ಸ್ಟರ್‌ಗೆ ಮಾಡಿದ ಸಾಮಾನು, ಗಿನಿ ಪಿಗ್‌ನ ಬೆನ್ನು ಅದಕ್ಕೆ ಬಗ್ಗುವುದಿಲ್ಲ. ಅಡಗಿಕೊಳ್ಳಲು ಎರಡು ಗೂಡು ಕಡ್ಡಾಯ, ಪ್ರತಿಯೊಂದಕ್ಕೂ ಎರಡು ಬಾಗಿಲು ಇರಲಿ. ಒಂದೇ ಬಾಗಿಲಿದ್ದರೆ ಜೋರಿನದು ಬಾಗಿಲಲ್ಲಿ ಕೂತು ಇನ್ನೊಂದನ್ನು ಹೊರಬಿಡುವುದಿಲ್ಲ. ಆನ್‌ಲೈನ್ ಪಾರ್ಸೆಲ್ ಬಂದ ರಟ್ಟಿನ ಡಬ್ಬದ ಎರಡು ಕಡೆ ತೂತು ಕೊರೆದರೆ ಮುಗಿಯಿತು. ಟೇಪ್ ಕಿತ್ತುಬಿಡಿ. ಒದ್ದೆಯಾದರೆ ಬಿಸಾಕಿ ಇನ್ನೊಂದು ಇಡಿ.

ಕೆಳಗೆ ಏನು ಹಾಸುವುದು?

ಬರೀ ನ್ಯೂಸ್‌ಪೇಪರ್ ಅಗ್ಗ. ಆದರೆ ಮೂತ್ರವನ್ನು ಸರಿಯಾಗಿ ಹೀರುವುದಿಲ್ಲ, ಪಾದ ಸದಾ ಒದ್ದೆ. ಎರಡನೇ ದಿನಕ್ಕೆ ಘಾಟು ಶುರು. ಕೆಳಪದರವಾಗಿ ಇರಲಿ, ಮೇಲಕ್ಕೆ ಬೇರೆ ಬೇಕು.

ಸಾ ಮಿಲ್‌ನಿಂದ ಮರದ ಹೊಟ್ಟು ತರುವವರಿದ್ದಾರೆ. ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಕಾರ್ಪೆಂಟರ್ ಹತ್ತಿರದ್ದಾದರೆ ಪ್ಲೈವುಡ್ ಅಂಟು, ಪಾಲಿಶ್ ಕೂಡ ಸೇರಿರುತ್ತದೆ. ಧೂಳು ತೆಗೆದು, ಒಣಗಿಸಿ ಪ್ಯಾಕ್ ಮಾಡಿದ ಮರದ ಸಿಪ್ಪೆ ಸಿಕ್ಕರೆ ಅಡ್ಡಿಯಿಲ್ಲ, ಆದರೆ ಘಮಘಮ ಅನ್ನುವ ಸೀಡರ್ ಮರದ್ದು ಬೇಡ. ಆ ಘಮದ ಎಣ್ಣೆಯೇ ಇವಕ್ಕೆ ತೊಂದರೆ. ಭತ್ತದ ಹೊಟ್ಟು ಚುಚ್ಚುತ್ತದೆ, ಧೂಳೂ ಜಾಸ್ತಿ.

ನನ್ನ ಆಯ್ಕೆ ಫ್ಲೀಸ್ ಬಟ್ಟೆ, ಅಂದರೆ ಚಳಿಗಾಲದ ಜಾಕೆಟ್, ಹೊದಿಕೆಗೆ ಬಳಸುವ ಮೆತ್ತನೆ ಸಿಂಥೆಟಿಕ್ ಬಟ್ಟೆ. ಕೆಳಗೆ ಹಳೇ ಟವೆಲ್ ಎರಡು ಪದರ, ಮೇಲೆ ಫ್ಲೀಸ್. ಮೂತ್ರ ಕೆಳಗಿಳಿದು ಮೇಲ್ಭಾಗ ಒಣಗಿರುತ್ತದೆ. ಹೊಸ ಫ್ಲೀಸನ್ನು ಮೂರ್ನಾಲ್ಕು ಸಲ ಒಗೆದ ಮೇಲೆಯೇ ಅದು ನೀರನ್ನು ಕೆಳಗೆ ಬಿಡುವುದು. ಸಾಫ್ಟ್‌ನರ್ ಹಾಕಬಾರದು. ದಿನಾ ಹಿಕ್ಕೆ ಗುಡಿಸಿ ತೆಗೆಯಬೇಕು, ಮೂರು-ನಾಲ್ಕು ದಿನಕ್ಕೊಮ್ಮೆ ಒಗೆಯಬೇಕು. ಮಷಿನ್ನಿಗೆ ಹಾಕುವ ಮುಂಚೆ ಕೊಡವದಿದ್ದರೆ ಮನೆಯವರ ಬಟ್ಟೆಗೆಲ್ಲ ಹುಲ್ಲು ಅಂಟಿ ಜಗಳ ಗ್ಯಾರಂಟಿ. ಇದರ ಒಂದೇ ತೊಡಕು ಮಳೆಗಾಲ. ಮಂಗಳೂರು, ಮಡಿಕೇರಿ, ಆಗುಂಬೆ ಕಡೆ ಜೂನ್‌ನಿಂದ ಬಟ್ಟೆಯೇ ಒಣಗುವುದಿಲ್ಲ. ಅಲ್ಲಿಯವರು ಮೂರು-ನಾಲ್ಕು ಸೆಟ್ ಇಟ್ಟುಕೊಳ್ಳಬೇಕು, ಇಲ್ಲವೇ ಆ ತಿಂಗಳುಗಳಿಗೆ ಕಾಗದದ ಹಾಸು ಬಳಸಬೇಕು.

ಹುಲ್ಲು: ಪ್ಯಾಕೆಟ್ಟಿನದೋ, ಊರಿನದೋ?

ಗಿನಿ ಪಿಗ್‌ಗೆ 20 ಹಲ್ಲು, ಇಪ್ಪತ್ತೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಅವನ್ನು ಸವೆಸುವುದು ನಾರಿನ ಹುಲ್ಲು. ಕರುಳು ನಿಲ್ಲದೆ ನಡೆಯುತ್ತಿರಲೂ ಅದೇ ಬೇಕು. ಊಟದ ಮುಕ್ಕಾಲಿಗೂ ಜಾಸ್ತಿ ಒಣಹುಲ್ಲೇ ಇರಬೇಕು, ದಿನದ 24 ಗಂಟೆಯೂ ಮುಂದೆ ಇರಬೇಕು. ದಿನಕ್ಕೆ ಒಂದಕ್ಕೆ ಅದರ ಮೈಯಷ್ಟು ಗಾತ್ರದ ಹುಲ್ಲಿನ ಮುದ್ದೆ ಅಂತ ಅಂದಾಜು ಇಟ್ಟುಕೊಳ್ಳಿ.

ಪ್ಯಾಕೆಟ್ಟಿನಲ್ಲಿ ಸಿಗುವ ಟಿಮೊಥಿ ಹುಲ್ಲು ಇದಕ್ಕೆಲ್ಲ ಸರಿಯಾದದ್ದು. ನಾರು ಜಾಸ್ತಿ, ಕ್ಯಾಲ್ಸಿಯಂ ಹದವಾಗಿ. ಆದರೆ ಹೊರದೇಶದಿಂದ ಬರುವುದು, ಬೆಲೆ ಕಣ್ಣಿಗೆ ಹೊಡೆಯುತ್ತದೆ. ಸಣ್ಣ ಪ್ಯಾಕೆಟ್ ಬಿಟ್ಟು ದೊಡ್ಡ ಚೀಲ ತಂದರೆ ಕೆಜಿ ಲೆಕ್ಕದಲ್ಲಿ ಎಷ್ಟೋ ಕಡಿಮೆ ಬೀಳುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೂಷ್ಟು ಬರುತ್ತದೆ, ಬಟ್ಟೆ ಚೀಲದಲ್ಲಿ ಗಾಳಿಯಾಡುವಂತೆ ಇಡಿ. ಹಸಿರು ಬಣ್ಣ, ಒಳ್ಳೆ ವಾಸನೆ ಇದ್ದರೆ ತಾಜಾ. ಕಂದು ಬಣ್ಣ, ಮುಗ್ಗಲು ವಾಸನೆ ಇದ್ದರೆ ವಾಪಸ್ ಕೊಡಿ.

ಊರಿನ ಹುಲ್ಲುಗಳ ಪೈಕಿ ನಾನು ಮೊದಲ ಜಾಗ ಕೊಡುವುದು ಗರಿಕೆಗೆ. ಗಣೇಶನ ಪೂಜೆಗೆ ಮಾರುವ ಅದೇ ಗರಿಕೆ. ಬೇರೆ ದೇಶಗಳಲ್ಲಿ ಇದನ್ನೇ ಬರ್ಮುಡಾ ಹುಲ್ಲು ಎಂದು ಒಣಗಿಸಿ ಮಾರುತ್ತಾರೆ. ಮಾರುಕಟ್ಟೆಯಿಂದ ತಂದು, ಚೆನ್ನಾಗಿ ತೊಳೆದು, ಹಸಿಯಾಗಿಯೇ ಕೊಡಬಹುದು. ಒಣಗಿಸಿಯೂ ಇಡಬಹುದು. ಪಾರ್ಕು, ರಸ್ತೆ ಬದಿಯದನ್ನು ಕಿತ್ತು ತರಬೇಡಿ. ನಾಯಿ ಮೂತ್ರ, ಕಳೆನಾಶಕ, ಗಾಡಿ ಹೊಗೆ ಎಲ್ಲ ಅಲ್ಲೇ ಇರುತ್ತದೆ. ಹಿಂದೆ ತಿನ್ನದ ಪ್ರಾಣಿಗೆ ಹಸಿ ಹುಲ್ಲನ್ನು ಒಮ್ಮೆಲೇ ಸುರಿಯಲೂಬಾರದು, ಭೇದಿ ಶುರುವಾಗುತ್ತದೆ. ಒಂದು ಹಿಡಿಯಿಂದ ಶುರುಮಾಡಿ.

ಹಳ್ಳಿಯಲ್ಲಿ ನೆಂಟರಿದ್ದರೆ ಹಸುವಿಗೆ ಬೆಳೆದ ಮೇವು ಸಿಗುತ್ತದೆ. ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ಒಣಗಿಸಿದ್ದಾದರೆ ಒಳ್ಳೆಯದು. ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಕಾಳು ಬಡಿದ ಮೇಲೆ ಉಳಿದ ದಂಟು ಅದು, ಹಾಸಲು ಆದೀತು, ಅದನ್ನೇ ನೆಚ್ಚಿಕೊಳ್ಳಲು ಆಗದು. ನೇಪಿಯರ್ ಹುಲ್ಲಿನಲ್ಲಿ ಮೂತ್ರದ ಕಲ್ಲಿಗೆ ದಾರಿಮಾಡುವ ಆಕ್ಸಲೇಟ್ ಜಾಸ್ತಿ, ದಿನಾ ಬೇಡ. ಎಳೆ ಜೋಳದ ಬೆಳೆಯಲ್ಲಿ ಸಯನೈಡ್ ವಿಷ ಇರುತ್ತದೆ. ಉತ್ತರ ಕರ್ನಾಟಕದ ರೈತರು ಎತ್ತನ್ನು ಎಳೆ ಜೋಳದ ಹೊಲಕ್ಕೆ ಬಿಡದಿರುವುದು ಇದಕ್ಕೇ. ಮುಸುಕಿನ ಜೋಳದ ತೆನೆಯ ಹಸಿರು ಸಿಪ್ಪೆಯನ್ನು ಮಾತ್ರ ಧೈರ್ಯವಾಗಿ ಕೊಡಿ, ಮುಗಿಬಿದ್ದು ತಿನ್ನುತ್ತವೆ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು, ಆರು ತಿಂಗಳೊಳಗಿನ ಮರಿ ಮತ್ತು ಗಬ್ಬದ ಹೆಣ್ಣಿಗೆ ಸರಿ. ದೊಡ್ಡವಕ್ಕೆ ಅದರ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ವಿಟಮಿನ್ ಸಿ: ಹನಿಯೋ, ದಪ್ಪ ಮೆಣಸಿನಕಾಯಿಯೋ?

ನಾಯಿ, ಬೆಕ್ಕು, ಮೊಲಗಳ ಮೈ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ನಮಗೂ ಗಿನಿ ಪಿಗ್‌ಗೂ ಅದು ಬರುವುದಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್, ಥಿಯೋಡೋರ್ ಫ್ರೋಲಿಕ್ ಎಂಬ ಇಬ್ಬರು ಗಿನಿ ಪಿಗ್‌ಗಳಿಗೆ ಬರೀ ಕಾಳುಕಡ್ಡಿ ತಿನ್ನಿಸಿದರು. ಅವಕ್ಕೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿಯೇ ಬಂತು. ಇಂದಿಗೂ ಅಂಗಡಿಯ 'ಮಿಕ್ಸ್ ಫುಡ್' ಮಾತ್ರ ತಿನ್ನುವ ಗಿನಿ ಪಿಗ್‌ನ ಗತಿ ಅದೇ. ಕೂದಲು ಒರಟಾಗುತ್ತದೆ, ಕೀಲು ನೋವಿಗೆ ನಡೆಯಲು ಹಿಂಜರಿಯುತ್ತದೆ, ಒಸಡಿನಲ್ಲಿ ರಕ್ತ.

ದಿನಕ್ಕೆ ಬೇಕಾದದ್ದು ಒಂದು ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ. ಕುಡಿಯುವ ನೀರಿಗೆ ಬಿಡುವ ಹನಿಗಳನ್ನು ನಾನು ಕೊಳ್ಳುವುದಿಲ್ಲ. ನೀರು, ಬೆಳಕಿಗೆ ವಿಟಮಿನ್ ಬೇಗ ಹಾಳಾಗುತ್ತದೆ. ರುಚಿ ಬದಲಾಗಿ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು. 100 ಗ್ರಾಂ ಹಸಿರು ದಪ್ಪ ಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ವಿಟಮಿನ್ ಸಿ ಇದೆ. ಅಂದರೆ ಎರಡು ಬೆರಳಗಲದ ಒಂದು ಹೋಳಿನಲ್ಲಿ ಇವತ್ತಿನ ಕೆಲಸ ಮುಗಿಯಿತು. ಸೀಬೆಹಣ್ಣಿನಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಇದೆ, ಆದರೆ ಸಕ್ಕರೆಯೂ ಇದೆ. ವಾರಕ್ಕೆ ಒಂದೆರಡು ಸಲ ಚಿಕ್ಕ ಹೋಳು ಸಾಕು.

ದಿನಾ ಕೊಡಲು ಕೊತ್ತಂಬರಿ ಸೊಪ್ಪು, ದಪ್ಪ ಮೆಣಸಿನಕಾಯಿ, ಸೌತೆಕಾಯಿ ಸಾಕು. ಒಂದಕ್ಕೆ ದಿನಕ್ಕೆ ಒಂದು ಬಟ್ಟಲಿನಷ್ಟು. ಕ್ಯಾರೆಟ್ ಯಾವಾಗಾದರೊಮ್ಮೆ. ಪಾಲಕ್, ದಂಟು, ಹರಿವೆಯಲ್ಲಿ ಆಕ್ಸಲೇಟ್, ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ. ಇವೆಲ್ಲ ನಮಗೆ ಒಳ್ಳೆಯವು, ಅವಕ್ಕೆ ಅಪರೂಪಕ್ಕೆ. ಎಲೆಕೋಸು, ಹೂಕೋಸು ಹೊಟ್ಟೆ ಉಬ್ಬರಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು ಕೊಡಲೇಬಾರದು. ಅನ್ನ, ಚಪಾತಿ, ಬಿಸ್ಕತ್ತು, ಹಾಲು ಕೂಡ. 'ಒಂದು ತುಂಡು ತಿಂದರೆ ಏನಾಗುತ್ತೆ' ಅನ್ನುವ ಅಜ್ಜಿಗೆ ಇದನ್ನು ಹೇಳುವ ಕೆಲಸ ಮಗನಿಗಿಂತ ಮೊಮ್ಮಗಳಿಗೆ ವಹಿಸಿದರೆ ಬೇಗ ಆಗುತ್ತದೆ.

ಪೆಲೆಟ್, ಅಂದರೆ ಒತ್ತಿ ಮಾಡಿದ ಒಣ ತಿಂಡಿಯ ಗುಳಿಗೆ, ಬೇಕಾದರೆ ಒಂದೇ ಬಣ್ಣದ, ಹುಲ್ಲಿನಿಂದ ಮಾಡಿದ್ದನ್ನು ತನ್ನಿ. ದಿನಕ್ಕೆ ಎರಡು ಚಮಚದಷ್ಟು. ಸೂರ್ಯಕಾಂತಿ ಬೀಜ, ಒಣ ಜೋಳ, ಬಣ್ಣದ ಚೂರುಗಳಿರುವ ಮಿಶ್ರಣದಲ್ಲಿ ಕೊಬ್ಬಿನದನ್ನು ಆರಿಸಿ ತಿಂದು ಮಿಕ್ಕಿದ್ದನ್ನು ಬಿಡುತ್ತವೆ. ತಯಾರಾದ ದಿನಾಂಕ ನೋಡಿ. ಮೂರು ತಿಂಗಳು ಕಳೆದರೆ ಅದರಲ್ಲಿನ ವಿಟಮಿನ್ ಸಿಯನ್ನು ನಂಬುವಂತಿಲ್ಲ.

ಹಿಕ್ಕೆಯನ್ನು ತಾನೇ ತಿನ್ನುವುದು ನೋಡಿ ಗಾಬರಿಯಾಗಬೇಡಿ. ಮೆತ್ತಗಿರುವ ಒಂದು ಬಗೆಯ ಹಿಕ್ಕೆಯಲ್ಲಿ ಬಿ ವಿಟಮಿನ್‌ಗಳಿರುತ್ತವೆ, ಎರಡನೇ ಸಲ ಜೀರ್ಣ ಮಾಡಿಕೊಳ್ಳುತ್ತದೆ.

ಯಾವ ರೂಮು?

ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಪೆರು, ಬೊಲಿವಿಯಾ ಕಡೆ ಸಾವಿರಾರು ವರ್ಷದಿಂದ ಮಾಂಸಕ್ಕಾಗಿ ಸಾಕಿದ್ದಾರೆ, ಈಗಲೂ ಸಾಕುತ್ತಾರೆ. ತಂಪು ಬೆಟ್ಟದ ಪ್ರಾಣಿಗೆ 18ರಿಂದ 24 ಡಿಗ್ರಿ ಹಿತ. 28-30 ದಾಟಿದರೆ ಕಷ್ಟ ಶುರು. ಬೆವರಲು ಬರುವುದಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಹುಷಾರಾಗಿದ್ದರೆ ಸಾಕು. ಟಾಪ್ ಫ್ಲೋರ್ ಮನೆ ಮಾತ್ರ ಬೇರೆ ಲೆಕ್ಕ. ಕಲಬುರಗಿ, ರಾಯಚೂರು, ಬಳ್ಳಾರಿಯಂಥ, ಬೇಸಿಗೆ 40 ಮುಟ್ಟುವ ಊರುಗಳಲ್ಲಿ ಎಸಿ ಅಥವಾ ಒಳ್ಳೆ ಕೂಲರ್ ಇರುವ ರೂಮು ಇಲ್ಲದಿದ್ದರೆ ಈ ಪ್ರಾಣಿ ಬೇಡವೇ ಬೇಡ. ಹೀಗೆ ನೇರವಾಗಿ ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಆದರೂ ಸರಿ. ಕರಾವಳಿಯಲ್ಲಿ ಕೂಲರ್ ಸೆಕೆಯನ್ನು ಇನ್ನೂ ಜಾಸ್ತಿ ಮಾಡುತ್ತದೆ, ಅಲ್ಲಿ ಫ್ಯಾನು ಮತ್ತು ಎಸಿಯೇ ಗತಿ.

ಬಾಲ್ಕನಿಯೋ ಹಾಲೋ ಅಂದರೆ ಹಾಲು. ಬಾಲ್ಕನಿಯಲ್ಲಿ ಬಿಸಿಲು, ಮಳೆ ಎರಚಲು, ಬೆಕ್ಕು, ಕಾಗೆ. ದೀಪಾವಳಿಯ ನಾಲ್ಕು ದಿನ ಇನ್ನೂ ಒಳಗಿನ ರೂಮಿಗೆ ಸಾಗಿಸಿ. ಬೇಸಿಗೆ ಮಧ್ಯಾಹ್ನಕ್ಕೆ ನೀರಿನ ಬಾಟಲಿಯನ್ನು ಫ್ರೀಜ್ ಮಾಡಿ ಟವೆಲ್ ಸುತ್ತಿ ಪಕ್ಕದಲ್ಲಿಡಿ, ಬೇಕಾದರೆ ಒರಗಿಕೊಳ್ಳುತ್ತವೆ. ಮೈ ಚಾಚಿ ಬಿದ್ದು, ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿಲಾಘಾತ. ಐಸ್ ನೀರಲ್ಲಿ ಮುಳುಗಿಸಬೇಡಿ. ಕಿವಿ, ಪಾದಕ್ಕೆ ತಣ್ಣೀರಿನ ಬಟ್ಟೆ ಒತ್ತುತ್ತಾ ಆಸ್ಪತ್ರೆಗೆ ಓಡಿ.

ಡಾಕ್ಟರನ್ನು ಮೊದಲು ಹುಡುಕಿ, ಆಮೇಲೆ ಪ್ರಾಣಿ

ನಾಯಿ-ಬೆಕ್ಕಿನ ಕ್ಲಿನಿಕ್ ಹತ್ತಿರದಲ್ಲಿದೆ ಅಂದಮಾತ್ರಕ್ಕೆ ಸಾಲದು. ಊರಿನ ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬರುವುದು ದನ, ಕುರಿ. 'ನೀವು ಗಿನಿ ಪಿಗ್ ನೋಡ್ತೀರಾ?' ಎಂದು ಫೋನಿನಲ್ಲೇ ಕೇಳಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ, ವಿಚಾರಿಸಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾಯಿಗೆ ಧಾರಾಳವಾಗಿ ಬರೆಯುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಗಿನಿ ಪಿಗ್‌ನ ಜೀವ ತೆಗೆಯುತ್ತದೆ. ಪೆನಿಸಿಲಿನ್ ಗುಂಪು, ಕ್ಲಿಂಡಾಮೈಸಿನ್ ಎಲ್ಲ ಹಾಗೆಯೇ. ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ವಿಷಕಾರಿಯವು ತುಂಬಿಕೊಳ್ಳುತ್ತವೆ. ಮನೆಯಲ್ಲಿ ಉಳಿದ ಮಾತ್ರೆ ಕೊಡುವುದಂತೂ ಕನಸಲ್ಲೂ ಬೇಡ.

ಕಾಯಿಲೆಯನ್ನು ಇವು ಕೊನೇವರೆಗೂ ಮುಚ್ಚಿಡುತ್ತವೆ. ಹಾಗಾಗಿ ಕಣ್ಣಿಗಿಂತ ತಕ್ಕಡಿಯನ್ನು ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ದೊಡ್ಡವು ಸಾಮಾನ್ಯವಾಗಿ 700ರಿಂದ 1200 ಗ್ರಾಂ ಇರುತ್ತವೆ. ವಾರದಲ್ಲಿ 50 ಗ್ರಾಂ ಇಳಿದರೆ ಗಮನ ಇಡಿ, 100 ಇಳಿದರೆ ಡಾಕ್ಟರ್ ಹತ್ತಿರ ಹೋಗಿ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ, ನಾಳೆ ನೋಡೋಣ ಅನ್ನಬೇಡಿ.

ಊರಿಗೆ ಹೋಗುವಾಗ

ಯುಗಾದಿಗೋ ಮದುವೆಗೋ ನಾಲ್ಕು ದಿನ ಊರಿಗೆ ಹೊರಟಾಗ ಮೂರು ದಾರಿ. ಬಸ್ಸಿನಲ್ಲಿ ಜೊತೆಗೆ ಒಯ್ಯುವುದು ಕೊನೆಯದು. ಸದ್ದು, ಸೆಕೆ, ಅಲುಗಾಟಕ್ಕೆ ಊಟ ಬಿಡುತ್ತವೆ. ಕಾರಿದ್ದು ಬೆಳಗಿನ ತಂಪಲ್ಲಿ ಹೊರಟರೆ ಪರವಾಗಿಲ್ಲ. ಗೆಳೆಯರ ಮನೆಗೆ ಬಿಡುವುದಾದರೆ ಅಲ್ಲಿ ಬೆಕ್ಕು ನಾಯಿ ಇಲ್ಲ ಅಂತ ನೋಡಿಕೊಳ್ಳಿ. ನನಗೆ ಸರಿಕಂಡಿದ್ದು ಅವನ್ನು ಅವುಗಳ ಜಾಗದಲ್ಲೇ ಬಿಟ್ಟು, ಪಕ್ಕದ ಮನೆಯವರು ದಿನಕ್ಕೆ ಎರಡು ಸಲ ಬಂದು ನೋಡುವುದು. ಹುಲ್ಲನ್ನು ರಾಶಿ ಹಾಕಿ, ದಿನದ ಸೊಪ್ಪನ್ನು ಡಬ್ಬಗಳಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ನೀರಿನ ಬಾಟಲಿ ಎರಡು ಇರಲಿ, ಒಂದರ ನಳಿಕೆಯ ಗುಂಡು ಸಿಕ್ಕಿಕೊಂಡರೂ ಇನ್ನೊಂದು ಇರುತ್ತದೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಡಾಕ್ಟರ್ ನಂಬರ್, ಎರಡರ ಈಗಿನ ತೂಕ, 'ಅಮಾಕ್ಸಿಸಿಲಿನ್ ಕೊಡಬಾರದು' ಅನ್ನುವ ಸಾಲು, ಮತ್ತೆ ನಿಮ್ಮ ಪಕ್ಕದ ಮನೆಯವರು ಧಾರಾಳಿಗಳಾಗಿದ್ದರೆ 'ಚಕ್ಕುಲಿ ಕೊಡಬೇಡಿ' ಅಂತಲೂ ಬರೆಯಿರಿ.